ಓಟ ಮುಗಿಯುವುದು ಮೈ ನೋಡಿಕೊಂಡ ಮೇಲೆ

ನೆದರ್‌ಲ್ಯಾಂಡ್ಸ್ ಎಂದೊಡನೆ ನಮಗೆ ನೆನಪಾಗುವುದು ಟುಲಿಪ್ ಹೂವಿನ ತೋಟ, ಗಾಳಿಯಂತ್ರ ಮತ್ತು ಕಾಲುವೆಗಳು. ಆ ಹಸಿರು ದೇಶದ ನಡುವೆ ಮರಳುಗಾಡಿನಂತಹ ಜಾಗವಿದೆ ಎಂದರೆ ಹೆಚ್ಚಿನವರು ನಂಬಲಾರರು. ದಕ್ಷಿಣದ ಉತ್ತರ ಬ್ರಬಾಂಟ್ ಪ್ರಾಂತದಲ್ಲಿ, ಟಿಲ್‌ಬರ್ಗ್ ಮತ್ತು ಡೆನ್ ಬಾಶ್ ನಗರಗಳ ನಡುವೆ 'ಲೋನ್ಸೆ ಎನ್ ಡ್ರುನೆನ್ಸೆ ಡೌಯ್ನೆನ್' ಎಂಬ ರಕ್ಷಿತ ನಿಸರ್ಗಧಾಮವಿದೆ. ಸುಮಾರು 3,500 ಹೆಕ್ಟೇರ್ ವಿಸ್ತಾರದ ಈ ಪ್ರದೇಶ 2002ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಪೈನ್ ಕಾಡು, ಹೀದರ್ ಎಂಬ ಮೊಣಕಾಲೆತ್ತರದ ಪೊದೆ ತುಂಬಿದ ಬಯಲು, ಅದರಾಚೆ ಗಾಳಿಗೆ ಇಂದಿಗೂ ಸರಿದಾಡುವ ಮರಳ ದಿಬ್ಬಗಳು, ಈ ಮೂರೂ ಅಲ್ಲಿ ಒಂದರ ಪಕ್ಕದಲ್ಲೊಂದಿವೆ.

ಅಲ್ಲಿನ ಕಾಡಿನ ಬಗ್ಗೆ ಕನ್ನಡದ ಮಾಸಿಕದಲ್ಲಿ ಬರೆಯುವುದೇಕೆ ಎಂದು ನೀವು ಕೇಳಬಹುದು. ಈ ಉದ್ಯಾನದಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ ಐಂಡ್‌ಹೋವನ್ ನಗರವಿದೆ. ಅಲ್ಲಿನ ತಂತ್ರಜ್ಞಾನ ಕಂಪೆನಿಗಳಲ್ಲಿ ಮತ್ತು ವಿಶ್ವವಿದ್ಯಾನಿಲಯದಲ್ಲಿ ಕರ್ನಾಟಕದ ಯುವಕ ಯುವತಿಯರೂ ಇದ್ದಾರೆ. ವಾರವಿಡೀ ಕಂಪ್ಯೂಟರ್ ಮುಂದೆ ಕುಳಿತವರು ರಜಾ ದಿನ ಕಾಡುದಾರಿಯಲ್ಲಿ ಓಡುತ್ತಾರೆ. ಇದಕ್ಕೆ ಅಲ್ಲಿ 'ಟ್ರೇಲ್ ರನ್ನಿಂಗ್' ಎನ್ನುತ್ತಾರೆ. ಓಡುವ ಮಕ್ಕಳ ತಂದೆತಾಯಿಯರು ಇಲ್ಲಿ ಈ ಪತ್ರಿಕೆ ಓದುತ್ತಿದ್ದಾರೆ. ಇನ್ನೊಂದು ಕಾರಣ ನಮ್ಮ ಮಲೆನಾಡಿಗೇ ಸಂಬಂಧಿಸಿದ್ದು. ಅದನ್ನು ಮುಂದೆ ಹೇಳುತ್ತೇನೆ.

ಮೂರು ನೆಲ, ಮೂರು ಬಗೆಯ ಶ್ರಮ

ಡಾಂಬರು ರಸ್ತೆಯಲ್ಲಿ ಪ್ರತಿ ಹೆಜ್ಜೆಯೂ ಒಂದೇ ರೀತಿ ಬೀಳುತ್ತದೆ. ಅದೇ ಸ್ನಾಯು, ಅದೇ ಕೀಲು ಸಾವಿರಾರು ಸಲ ಅದೇ ಪೆಟ್ಟನ್ನು ತಿನ್ನುತ್ತದೆ. ಕಾಡಿನ ದಾರಿ ಹಾಗಲ್ಲ. ಪೈನ್ ಮರದ ಸೂಜಿ ಎಲೆಗಳು ಉದುರಿ ನೆಲ ಮೆತ್ತಗಿರುತ್ತದೆ, ಆದರೆ ಅದರಡಿ ಬೇರುಗಳು ಅಡಗಿರುತ್ತವೆ. ಕಣ್ಣು ನಾಲ್ಕೈದು ಹೆಜ್ಜೆ ಮುಂದೆ ನೋಡುತ್ತಿರಬೇಕು, ಪಾದವನ್ನು ಸ್ವಲ್ಪ ಹೆಚ್ಚು ಎತ್ತಿ ಇಡಬೇಕು. ಇಲ್ಲಿ ಹೆಚ್ಚಾಗಿ ಆಗುವ ಗಾಯವೆಂದರೆ ಹಿಮ್ಮಡಿಯ ಮೇಲಿನ ಗೆಣ್ಣು ಹೊರಳಿ ಉಳುಕುವುದು.

ಹೀದರ್ ಬಯಲಿನ ದಾರಿ ಕಿರಿದು. ಎರಡೂ ಕಡೆಯ ಪೊದೆಗಳು ಕಾಲಿಗೆ ತಾಗುತ್ತವೆ. ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ಈ ಪೊದೆಗಳು ನೇರಳೆ ಬಣ್ಣದ ಹೂ ಬಿಟ್ಟು ಇಡೀ ಬಯಲು ಬಣ್ಣ ಬಳಿದಂತೆ ಕಾಣುತ್ತದೆ. ಜನ ಹೆಚ್ಚು ಬರುವುದೂ ಆಗಲೇ. ನೆರಳಿಲ್ಲದ ಜಾಗವಾದ್ದರಿಂದ ಬಿಸಿಲು ನೇರವಾಗಿ ಬೀಳುತ್ತದೆ, ನೀರು ಜೊತೆಯಲ್ಲಿರಬೇಕು.

ಇನ್ನು ಮರಳು. ಮರಳಿನಲ್ಲಿ ಹೆಜ್ಜೆಯಿಟ್ಟರೆ ಪಾದ ಕುಸಿಯುತ್ತದೆ. ನೆಲವನ್ನು ಒದ್ದು ಮುಂದೆ ಸಾಗಲು ನೀವು ಹಾಕಿದ ಬಲದಲ್ಲಿ ಒಂದು ಪಾಲು ಮರಳನ್ನು ಸರಿಸುವುದಕ್ಕೇ ಖರ್ಚಾಗುತ್ತದೆ. ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮರಳಿನ ಮೇಲೆ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು. ನಡೆಯಲು ಎರಡು ಪಟ್ಟಿಗಿಂತಲೂ ಹೆಚ್ಚು ಬೇಕು. ಆದ್ದರಿಂದ ರಸ್ತೆಯಲ್ಲಿ ಐದು ಕಿಲೋಮೀಟರ್ ಓಡಬಲ್ಲವರು ಮರಳಿನಲ್ಲೂ ಐದು ಓಡುತ್ತೇನೆಂದು ಹೊರಡಬಾರದು. ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ನರದಂತಹ ಗಟ್ಟಿ ಪಟ್ಟಿ ಮೊದಲು ನೋಯತೊಡಗುತ್ತವೆ. ಆರಂಭದಲ್ಲಿ ಮರಳಿನಲ್ಲಿ ಹತ್ತು ನಿಮಿಷ ಸಾಕು, ಅದೂ ನಡೆಯುತ್ತಾ. ಮಧುಮೇಹವಿದ್ದು ಪಾದ ಜೋಮು ಹಿಡಿಯುವವರು ಬರಿಗಾಲಿನಲ್ಲಿ ಮರಳಿಗೆ ಇಳಿಯಲೇಬಾರದು. ಕಾದ ಮರಳು ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಜೇಬಿನಲ್ಲಿ ಎರಡು ಖರ್ಜೂರ ಇರಲಿ.

ಇಬ್ನ್ ಸೀನಾ ಹೇಳಿದ ಮಿತಿ

ಯುನಾನಿ ವೈದ್ಯಪದ್ಧತಿಯಲ್ಲಿ ಆರೋಗ್ಯ ಕಾಪಾಡುವ ಆರು ಅಗತ್ಯ ಕಾರಣಗಳನ್ನು 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎನ್ನುತ್ತೇವೆ. ಗಾಳಿ, ಆಹಾರ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಉಳಿದು ಹೊರಹೋಗಬೇಕಾದುದು ಹೋಗುವುದು, ಇವೇ ಆ ಆರು. ಕಾಡಿನ ಓಟದಲ್ಲಿ ಇವುಗಳಲ್ಲಿ ಹಲವು ಒಟ್ಟಿಗೆ ಸುಧಾರಿಸುತ್ತವೆ. ಗಾಳಿ ಶುದ್ಧ, ದೇಹಕ್ಕೆ ಚಲನೆ, ಬೆವರಿನ ಹರಿವು, ಮನಸ್ಸಿಗೆ ಬಿಡುವು, ರಾತ್ರಿ ಒಳ್ಳೆಯ ನಿದ್ರೆ.

ಸುಮಾರು ಸಾವಿರ ವರ್ಷಗಳ ಹಿಂದೆ ಬಾಳಿದ ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ವ್ಯಾಯಾಮಕ್ಕೆ, ಅಂದರೆ ರಿಯಾಝತ್‌ಗೆ, ಪ್ರತ್ಯೇಕ ಸ್ಥಾನ ನೀಡಿದ್ದಾರೆ. ಎಷ್ಟು ಹೊತ್ತು ಮಾಡಬೇಕೆಂಬುದಕ್ಕೆ ಅವರು ದೇಹವನ್ನೇ ಸಾಕ್ಷಿಯಾಗಿಸಿದರು. ಮೈಬಣ್ಣ ಕಳೆಗಟ್ಟುತ್ತಿರುವ ತನಕ, ಚಲನೆ ಹಗುರವಾಗಿರುವ ತನಕ, ಅಂಗಾಂಗಗಳು ತುಂಬಿಕೊಳ್ಳುತ್ತಿರುವ ತನಕ ಮುಂದುವರಿಯಬಹುದು. ಇವು ಕುಂದತೊಡಗಿದರೆ ನಿಲ್ಲಿಸಬೇಕು. ವ್ಯಾಯಾಮಕ್ಕೆ ಮೊದಲು ಮೈಯನ್ನು ಸಿದ್ಧಗೊಳಿಸಲು ಒಮ್ಮೆ, ಮುಗಿದ ಮೇಲೆ ದಣಿವು ಇಳಿಸಲು ಒಮ್ಮೆ ಮೈ ತಿಕ್ಕುವ 'ದಲ್ಕ್' ಕ್ರಮವನ್ನೂ ಅವರು ವಿವರಿಸಿದ್ದಾರೆ. ಕೈಗಡಿಯಾರ ಎಷ್ಟು ಕಿಲೋಮೀಟರ್ ಎಂದು ಹೇಳಿದರೂ ಕೊನೆಗೆ ನಂಬಬೇಕಾದುದು ಈ ಚಿಹ್ನೆಗಳನ್ನೇ. ಮುಖ ಬಿಳಚಿಕೊಂಡರೆ, ಹೆಜ್ಜೆ ಎಳೆಯತೊಡಗಿದರೆ, ಎದೆ ಬಿಗಿದರೆ ಅಲ್ಲಿಗೆ ಸಾಕು.

ಓಟ ಹೆಣ್ಣುಮಕ್ಕಳಿಗೆ ಹೇಳಿಸಿದ್ದಲ್ಲ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಪ್ರವಾದಿ(ಸ)ಯವರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ವರದಿಯಾಗಿದೆ. ಒಮ್ಮೆ ಆಯಿಶಾ(ರ) ಗೆದ್ದರು, ಮುಂದೆ ಇನ್ನೊಮ್ಮೆ ಪ್ರವಾದಿ(ಸ) ಗೆದ್ದರು. ಅದೂ ಮನೆಯೊಳಗಲ್ಲ, ಪ್ರಯಾಣದ ದಾರಿಯಲ್ಲಿ. ಮೈ ಮುಚ್ಚುವ ಉಡುಪು ಕಾಡಿನ ಓಟಕ್ಕೆ ಅಡ್ಡಿಯಲ್ಲ, ಅಲ್ಲಿ ಅದೇ ಹೆಚ್ಚು ಸುರಕ್ಷಿತ. ಏಕೆಂದರೆ ಆ ಕಾಡಿನಲ್ಲೂ ಹೀದರ್ ಬಯಲಿನಲ್ಲೂ ಕಾದು ಕುಳಿತ ಒಂದು ಚಿಕ್ಕ ಜೀವಿಯಿದೆ.

ಗಸಗಸೆ ಕಾಳಿನಷ್ಟು ದೊಡ್ಡ ಅಪಾಯ

ಅದು ಉಣುಗು. ಕೆಲವೆಡೆ ಉಣ್ಣಿ ಎನ್ನುತ್ತಾರೆ. ದನ, ನಾಯಿಗಳ ಮೈಗೆ ಅಂಟಿಕೊಂಡು ರಕ್ತ ಹೀರುವ ಹುಳು. ಯುರೋಪಿನ ಕಾಡುಗಳಲ್ಲಿರುವ ಉಣುಗಿನ ವೈಜ್ಞಾನಿಕ ಹೆಸರು ಇಕ್ಸೋಡೀಸ್ ರಿಸಿನಸ್. ಅದು ಹಾರುವುದಿಲ್ಲ, ಜಿಗಿಯುವುದಿಲ್ಲ, ಮರದಿಂದ ಉದುರುವುದೂ ಇಲ್ಲ. ಹುಲ್ಲು ಅಥವಾ ಪೊದೆಯ ತುದಿಗೇರಿ ಮುಂಗಾಲು ಚಾಚಿ ಕಾಯುತ್ತದೆ. ಹಾದುಹೋಗುವ ಕಾಲು ತಾಗಿದೊಡನೆ ಅಂಟಿಕೊಂಡು ಮೈಮೇಲೆ ಹರಿದು ತೆಳು ಚರ್ಮ, ಬೆಚ್ಚನೆಯ ಮಡಿಕೆ ಹುಡುಕುತ್ತದೆ. ಅದಕ್ಕೆ ತೇವ ಬೇಕು. ಆದ್ದರಿಂದ ತೆರೆದ ಒಣ ಮರಳಿನಲ್ಲಿ ಅದರ ಭಯ ಕಡಿಮೆ. ತರಗೆಲೆ ಬಿದ್ದ ಕಾಡು, ಎತ್ತರದ ಹುಲ್ಲು, ಹೀದರ್ ಪೊದೆಯ ಅಂಚು, ಇವು ಅದರ ನೆಲೆ. ಮಾರ್ಚ್‌ನಿಂದ ಅಕ್ಟೋಬರ್ ತನಕ ಅದು ಹೆಚ್ಚು ಚುರುಕು.

ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಅದರ ಮರಿ ಹಂತ. ಗಾತ್ರ ಒಂದೆರಡು ಮಿಲಿಮೀಟರ್, ನಮ್ಮ ಅಡುಗೆಮನೆಯ ಗಸಗಸೆ ಕಾಳಿನಷ್ಟು. ಕಚ್ಚಿದ್ದು ತಿಳಿಯುವುದಿಲ್ಲ, ನೋವೂ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ವರ್ಷಕ್ಕೆ ಸುಮಾರು 15 ಲಕ್ಷ ಉಣುಗಿನ ಕಡಿತಗಳಾಗುತ್ತವೆ, ಸುಮಾರು 27,000 ಮಂದಿಗೆ 'ಲೈಮ್' ಕಾಯಿಲೆ ಬರುತ್ತದೆ ಎಂಬುದು ಅಲ್ಲಿನ ಸರಕಾರಿ ಆರೋಗ್ಯ ಸಂಸ್ಥೆಯ ಅಂದಾಜು. ಅಂದರೆ ಕಚ್ಚಿಸಿಕೊಂಡ ನೂರರಲ್ಲಿ ಎರಡು ಮೂರು ಮಂದಿಗೆ ಮಾತ್ರ. ಹೆದರಿ ಮನೆಯಲ್ಲಿ ಕೂರುವಂಥದ್ದೇನೂ ಇಲ್ಲ, ಅಲಕ್ಷಿಸುವಂಥದ್ದೂ ಅಲ್ಲ.

ಲೈಮ್ ಕಾಯಿಲೆಗೆ ಕಾರಣ ಬೊರೆಲಿಯಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಉಣುಗು ಅಂಟಿಕೊಂಡು ಹೊತ್ತು ಕಳೆದಷ್ಟೂ ಅದು ನಮ್ಮ ದೇಹ ಸೇರುವ ಸಾಧ್ಯತೆ ಹೆಚ್ಚುತ್ತದೆ. ಅದೇ ದಿನ ಕಿತ್ತುಹಾಕಿದರೆ ಅಪಾಯ ಬಹಳಷ್ಟು ಇಳಿಯುತ್ತದೆ. ಇಡೀ ವಿಷಯ ನಿಂತಿರುವುದು ಈ ಒಂದು ಮಾತಿನ ಮೇಲೆ. ಓಟ ಮುಗಿಸಿ ಮನೆಗೆ ಬಂದವರು ಅಂದೇ ಮೈಯನ್ನು ಪೂರ್ತಿಯಾಗಿ ನೋಡಿಕೊಳ್ಳಬೇಕು.

ಇದು ತಪ್ಪಿಹೋಗುವುದು ಹೇಗೆಂದು ನಮ್ಮವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ 10ರ ಸುಮಾರಿಗೆ. ಅಸರ್ ನಮಾಝ್ ಮುಗಿಸಿ ಓಡಲು ಹೋದವರು ಮನೆ ತಲುಪುವಾಗ ಮಗ್ರಿಬ್. ಆಮೇಲೆ ಊಟ, ತಡರಾತ್ರಿಯ ಇಶಾ, ಮತ್ತೆ ಬೇಗನೆ ಫಜ್ರ್. ದಣಿದವರು ಕೈಕಾಲು ತೊಳೆದು ವುಝೂ ಮಾಡಿ ಮಲಗಿಬಿಡುತ್ತಾರೆ. ವುಝೂ ಮುಟ್ಟದ ಜಾಗಗಳಲ್ಲೇ ಉಣುಗು ಇರುತ್ತದೆ.

ಅದು ಗಜಕರ್ಣವಲ್ಲ

ನನ್ನ ಚಿಕಿತ್ಸಾಲಯವಿರುವುದು ಮಲೆನಾಡಿನ ಅಂಚಿನ ಊರಿನಲ್ಲಿ. ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸ ಮಾಡುವ ಯುವಕನೊಬ್ಬ ರಜೆಗೆ ಬಂದಿದ್ದಾಗ ತಾಯಿ ಕರೆತಂದಿದ್ದರು. "ಹಕೀಮ್ ಸಾಬ್, ಇವನಿಗೆ ಗಜಕರ್ಣ ಆಗಿದೆ. ಮೆಡಿಕಲ್‌ನಿಂದ ತಂದ ಮುಲಾಮು ಹತ್ತು ದಿನ ಹಚ್ಚಿದೆವು, ಇನ್ನೂ ದೊಡ್ಡದಾಗುತ್ತಿದೆ" ಎಂದರು. ಮೊಣಕಾಲಿನ ಹಿಂದೆ ಅಂಗೈಯಗಲದ ಕೆಂಪು ಉಂಗುರ. ನಡುವೆ ಬಣ್ಣ ತಿಳಿಯಾಗಿತ್ತು. ತುರಿಕೆಯಿಲ್ಲ, ಹೊಟ್ಟು ಏಳುತ್ತಿರಲಿಲ್ಲ. ಅಲ್ಲಿ ರವಿವಾರಗಳಲ್ಲಿ ಏನು ಮಾಡುತ್ತೀ ಎಂದು ಕೇಳಿದಾಗ ಕಾಡಿನಲ್ಲಿ ಓಡುತ್ತೇನೆ ಎಂದ.

ಗಜಕರ್ಣ ಸಾಮಾನ್ಯವಾಗಿ ತುರಿಸುತ್ತದೆ, ಅಂಚು ಉಬ್ಬಿ ಹೊಟ್ಟು ಏಳುತ್ತದೆ. ಲೈಮ್ ಕಾಯಿಲೆಯ ಉಂಗುರ ಸಾಮಾನ್ಯವಾಗಿ ಕಡಿತವಾಗಿ ಮೂರು ದಿನದಿಂದ ಒಂದು ತಿಂಗಳೊಳಗೆ, ಕೆಲವೊಮ್ಮೆ ಇನ್ನೂ ತಡವಾಗಿ ಮೂಡುತ್ತದೆ. ದಿನದಿಂದ ದಿನಕ್ಕೆ ಹರಡಿ ಐದು ಸೆಂಟಿಮೀಟರಿಗಿಂತ ದೊಡ್ಡದಾಗುತ್ತದೆ. ಎಲ್ಲರಲ್ಲೂ ನಡುವೆ ತಿಳಿಯಾಗುವುದಿಲ್ಲ, ಕೆಲವರಲ್ಲಿ ಇಡಿಯಾಗಿ ಕೆಂಪಗಿರುತ್ತದೆ. ಜೊತೆಗೆ ಜ್ವರ, ಮೈಕೈ ನೋವು, ಆಯಾಸ ಇರಬಹುದು. ಈ ಹಂತದಲ್ಲಿ ರಕ್ತ ಪರೀಕ್ಷೆ ಮಾಡಿದರೆ 'ಏನೂ ಇಲ್ಲ' ಎಂದು ಬರಬಹುದು, ಏಕೆಂದರೆ ದೇಹ ಪ್ರತಿಕಾಯ ತಯಾರಿಸಲು ಕೆಲವು ವಾರಗಳು ಬೇಕು. ಉಂಗುರವನ್ನು ನೋಡಿಯೇ ವೈದ್ಯರು ನಿರ್ಧರಿಸುತ್ತಾರೆ. ಬಿಟ್ಟರೆ ಮುಂದೆ ಮುಖದ ಒಂದು ಬದಿ ಸೋಲಬಹುದು, ಮೊಣಕಾಲು ಬಾತುಕೊಳ್ಳಬಹುದು, ಹೃದಯದ ಬಡಿತದ ಲಯ ಕೆಡಬಹುದು.

ಆ ಯುವಕನಿಗೆ ನಾನು ಯುನಾನಿ ಔಷಧ ಕೊಡಲಿಲ್ಲ. ವಿವರವಾಗಿ ಪತ್ರ ಬರೆದು ಆಧುನಿಕ ವೈದ್ಯರ ಬಳಿಗೆ ಅಂದೇ ಕಳುಹಿಸಿದೆ. ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಪೂರ್ತಿ ಅವಧಿ ನುಂಗಿದ, ಗುಣಮುಖನಾದ. ಈ ಕಾಯಿಲೆಗೆ ಬೇಗ ಆರಂಭಿಸಿದ ಆ್ಯಂಟಿಬಯೋಟಿಕ್ಕೇ ಮದ್ದು. ಯಾವುದೇ ಖಮೀರಾ, ಮಅಜೂನ್, ಕಷಾಯ ಅದರ ಬದಲಿಯಲ್ಲ. ಯುನಾನಿ ಪದ್ಧತಿಯನ್ನು ಪ್ರೀತಿಸುವವನಾಗಿಯೇ ಇದನ್ನು ಹೇಳುತ್ತಿದ್ದೇನೆ. ಯಾವ ರೋಗಕ್ಕೆ ಯಾವ ಬಾಗಿಲು ಎಂದು ತೋರಿಸುವುದೂ ಹಕೀಮನ ಕೆಲಸ.

ವಿದೇಶದಿಂದ ಬಂದವರು ಊರಿನ ವೈದ್ಯರ ಮುಂದೆ ಕುಳಿತಾಗ ಎಲ್ಲಿದ್ದೆ, ಯಾವ ಕಾಡಿನಲ್ಲಿ ಓಡಿದೆ ಎಂಬುದನ್ನು ತಾವಾಗಿಯೇ ಹೇಳಬೇಕು. ನಮ್ಮಲ್ಲಿ ಲೈಮ್ ಅಪರೂಪ. ಹೇಳದಿದ್ದರೆ ವೈದ್ಯರಿಗೆ ಹೊಳೆಯದಿರಬಹುದು.

ಮಲೆನಾಡಿಗೂ ಇದೇ ಪಾಠ

ಬ್ರಬಾಂಟಿನ ಆ ಮರಳು ತಾನಾಗಿ ಬಂದದ್ದಲ್ಲ. ಮರಳು ಮೊದಲೂ ನೆಲದಡಿಯಲ್ಲಿತ್ತು. ಮಧ್ಯಯುಗದ ರೈತರು ಮರ ಕಡಿದರು, ಕುರಿ ಮೇಯಿಸಿದರು, ಹೀದರ್ ಬೆಳೆದ ಮೇಲ್ಮಣ್ಣನ್ನು ಹೆಂಟೆಹೆಂಟೆಯಾಗಿ ಕೆತ್ತಿ ಕೊಟ್ಟಿಗೆಗೆ ಹಾಸಿ, ಸಗಣಿಯೊಂದಿಗೆ ಕೊಳೆಸಿ ಹೊಲಕ್ಕೆ ಹಾಕಿದರು. ಹೊದಿಕೆ ಹೋದ ಮೇಲೆ ಗಾಳಿ ಮರಳನ್ನು ಎಬ್ಬಿಸಿತು. ಆ ಮರಳನ್ನು ತಡೆಯಲೆಂದೇ ಮುಂದೆ ಪೈನ್ ಮರಗಳನ್ನು ನೆಟ್ಟರು. ಪಕ್ಕದ ಊರಿನ ಹೆಸರೇ 'ಲೋನ್ ಒಪ್ ಝಾಂಡ್', ಅಂದರೆ ಮರಳಿನ ಮೇಲಿನ ಲೋನ್.

ಮಲೆನಾಡಿನವರಿಗೆ ಈ ಕೊಟ್ಟಿಗೆ ಹಾಸಿನ ಕಥೆ ಹೊಸದಲ್ಲ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ತರಗೆಲೆ ತಂದು ದನಗಳ ಅಡಿಗೆ ಹಾಸಿ ಗೊಬ್ಬರ ಮಾಡುವುದು ನಮ್ಮಲ್ಲೂ ತಲೆಮಾರುಗಳ ರೂಢಿ. ತರಗೆಲೆಯ ಜೊತೆಗೆ ಉಣುಗೂ ಮನೆಯಂಗಳಕ್ಕೆ ಬರುತ್ತದೆ. ನಮ್ಮ ಉಣುಗು ತರುವ ರೋಗ ಲೈಮ್‌ಗಿಂತ ಉಗ್ರ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಕ್ಯಾಸನೂರು ಕಾಡಿನ ಕಾಯಿಲೆ, ಜನರ ಮಾತಿನಲ್ಲಿ ಮಂಗನ ಕಾಯಿಲೆ, ವೈರಸ್‌ನಿಂದ ಬರುತ್ತದೆ. ನವೆಂಬರ್‌ನಿಂದ ಮೇ ತಿಂಗಳ ತನಕ ಅದರ ಕಾಲ. ಇದ್ದಕ್ಕಿದ್ದಂತೆ ತೀವ್ರ ಜ್ವರ, ತಲೆನೋವು, ಸ್ನಾಯು ನೋವು, ವಾಂತಿ, ಕೆಲವರಲ್ಲಿ ಮೂಗು ಮತ್ತು ವಸಡಿನಿಂದ ರಕ್ತ. ಅದಕ್ಕೆ ನೇರವಾಗಿ ನಾಟುವ ಮದ್ದಿಲ್ಲ, ಆಸ್ಪತ್ರೆಯ ಆರೈಕೆಯೇ ಜೀವ ಉಳಿಸುವುದು. ಪೀಡಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ.

ಇಲ್ಲಿ ಕಾಡಿಗೆ ಹೋಗುವವರು ಓಟಗಾರರಲ್ಲ. ಸೌದೆ ತರುವವರು, ದನ ಮೇಯಿಸುವವರು, ತೋಟಕ್ಕೆ ಕೂಲಿಗೆ ಹೋಗುವವರು. ಅವರಲ್ಲಿ ನಮ್ಮ ಸಮುದಾಯದವರೂ ಇದ್ದಾರೆ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಆ ಭಾಗದ ಕಾಡಿಗೆ ಹೋಗುವ ಮೊದಲು ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಬೇಕು. ಆ ದಿನಗಳಲ್ಲಿ ತರಗೆಲೆಯನ್ನು ಮನೆಯ ಹತ್ತಿರ ತರಬಾರದು. ಕಾಡಿಗೆ ಹೋಗಿಬಂದ ಕೆಲವು ದಿನಗಳಲ್ಲಿ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಬೇಕು.

ಕಾಡಿಗೆ ಹೋಗುವ ದಿನದ ಕ್ರಮ

ಓಟಕ್ಕಾಗಲಿ ಸೌದೆಗಾಗಲಿ, ಕ್ರಮ ಒಂದೇ.

ಹೋಗುವ ಮೊದಲು: ಉದ್ದ ತೋಳಿನ, ತಿಳಿ ಬಣ್ಣದ ಉಡುಪು ಧರಿಸಿ. ತಿಳಿ ಬಣ್ಣದ ಮೇಲೆ ಉಣುಗು ಹರಿದಾಡುವುದು ಕಾಣುತ್ತದೆ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ತೆರೆದ ಚರ್ಮಕ್ಕೆ ಡೀಟ್ ಇರುವ ಕೀಟ ನಿರೋಧಕ ಹಚ್ಚಿಕೊಳ್ಳಬಹುದು. ಹೊಟ್ಟೆ ತುಂಬ ಉಂಡು ಓಡಬೇಡಿ.

ದಾರಿಯಲ್ಲಿ: ದಾರಿಯ ನಡುವೆಯೇ ಸಾಗಿ. ಪೊದೆಯ ನಡುವೆ, ಎತ್ತರದ ಹುಲ್ಲಿನಲ್ಲಿ ಕೂರಬೇಡಿ. ನಮಾಝ್‌ಗೆ ತೆರೆದ ಸ್ವಚ್ಛ ಮರಳು ಉತ್ತಮ ಜಾಗ. ರಕ್ಷಿತ ಪ್ರದೇಶದ ಫಲಕದಲ್ಲಿ ಬರೆದ ನಿಯಮ ಪಾಲಿಸಿ. ಒಣ ಹೀದರ್ ಬೇಗ ಹೊತ್ತಿಕೊಳ್ಳುತ್ತದೆ, ಬೆಂಕಿ ಕೂಡದು.

ಮನೆಗೆ ಬಂದ ಮೇಲೆ: ಬಟ್ಟೆಯನ್ನು ಹಾಸಿಗೆ, ಸೋಫಾ ಮೇಲೆ ಹಾಕದೆ ನೇರ ತೊಳೆಯಲು ಹಾಕಿ, 60 ಡಿಗ್ರಿ ಬಿಸಿನೀರಾದರೆ ಒಳ್ಳೆಯದು. ಸ್ನಾನ ಮಾಡಿ. ಆದರೆ ಕಚ್ಚಿಕೊಂಡ ಉಣುಗು ನೀರಿಗೆ ಬಿಡುವುದಿಲ್ಲ, ಕಣ್ಣಿನಿಂದಲೂ ಬೆರಳಿನಿಂದಲೂ ಹುಡುಕಬೇಕು. ಗುಸ್ಲ್‌ನಲ್ಲಿ ಮೈಯ ಒಂದು ಕೂದಲೆಳೆಯಷ್ಟು ಜಾಗವೂ ಒಣಗಿ ಉಳಿಯದಂತೆ ನೋಡುತ್ತೇವಲ್ಲ, ಅದೇ ಎಚ್ಚರ ಇಲ್ಲಿ ಬೇಕು. ಕಿವಿಯ ಹಿಂದೆ, ತಲೆಕೂದಲ ಅಂಚು, ಕಂಕುಳು, ಹೊಕ್ಕುಳು, ಸೊಂಟಪಟ್ಟಿಯ ಜಾಗ, ತೊಡೆಸಂದು, ಮೊಣಕಾಲಿನ ಹಿಂದೆ, ಕಾಲ್ಬೆರಳ ಸಂದು. ಬೆನ್ನನ್ನು ಕನ್ನಡಿಯಲ್ಲಿ ನೋಡಿ, ಅಥವಾ ಪತಿ ಪತ್ನಿ ಪರಸ್ಪರ ನೋಡಲಿ. ಮಕ್ಕಳ ತಲೆಯನ್ನು ಮರೆಯಬೇಡಿ. ಬೇಡದ ರೋಮ ತೆಗೆಯುವ ಸುನ್ನತ್ ಪಾಲಿಸುವವರಿಗೆ ಈ ಕೆಲಸ ಸುಲಭ. ದಲ್ಕ್, ಎಣ್ಣೆ ತಿಕ್ಕುವುದು ಏನಿದ್ದರೂ ಈ ತಪಾಸಣೆಯ ನಂತರ.

ಉಣುಗು ಸಿಕ್ಕಿದರೆ: ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ನಿಧಾನವಾಗಿ ನೇರ ಮೇಲಕ್ಕೆಳೆಯಿರಿ. ಹೊಟ್ಟೆ ಭಾಗವನ್ನು ಹಿಸುಕಬೇಡಿ. ಎಣ್ಣೆ, ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದನ್ನೂ ಪ್ರಯೋಗಿಸಬೇಡಿ. ಕೆರಳಿದ ಉಣುಗು ತನ್ನ ಒಳಗಿನದನ್ನು ಗಾಯಕ್ಕೇ ಕಕ್ಕಬಹುದು. ಕಿತ್ತ ನಂತರ ಗಾಯಕ್ಕೆ ನಂಜುನಿರೋಧಕ ಹಚ್ಚಿ, ಕೈ ತೊಳೆಯಿರಿ. ದಿನಾಂಕ ಮತ್ತು ಜಾಗವನ್ನು ಬರೆದಿಡಿ. ಮುಂದಿನ ಮೂರು ತಿಂಗಳು ಆ ಜಾಗವನ್ನು ಗಮನಿಸುತ್ತಿರಿ. ಕೆಂಪು ಹರಡಿದರೆ ಅಥವಾ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಿ. ನೆದರ್‌ಲ್ಯಾಂಡ್ಸ್‌ನಲ್ಲಿದ್ದರೆ ಮೊದಲು ನಿಮ್ಮ ಕುಟುಂಬ ವೈದ್ಯರಿಗೆ ಫೋನ್ ಮಾಡಿ.

ಇಷ್ಟು ಮಾಡಲು ಹತ್ತು ನಿಮಿಷ ಸಾಕು. ದೂರದೂರಿನಲ್ಲಿರುವ ಮಗನಿಗೋ ಮಗಳಿಗೋ ಈ ವಾರ ಫೋನ್ ಮಾಡಿದಾಗ ಊಟ ಆಯಿತೇ, ನಮಾಝ್ ಆಯಿತೇ ಎಂದು ಕೇಳುವ ಜೊತೆಗೆ ಕಾಡಿನಿಂದ ಬಂದು ಮೈ ನೋಡಿಕೊಂಡೆಯಾ ಎಂದೂ ಕೇಳಿ. ಬೆಟ್ಟಕ್ಕೆ ಸೌದೆಗೆ ಹೋಗಿ ಬಂದ ನೆರೆಮನೆಯವರನ್ನೂ ಕೇಳಿ. ಶರೀರವು ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್ತು. ಅದನ್ನು ಜತನದಿಂದ ಕಾಪಾಡುವ ತೌಫೀಕ್ ಅವನು ನಮ್ಮೆಲ್ಲರಿಗೂ ಕರುಣಿಸಲಿ, ಆಮೀನ್.